ಸೀಲ್ ಒಡೆಯದ ಸೀಸೆ

ಕಾನೂನು ಜಾರಿಗೆ ಬಂದ ದಿನ ನೆವಾ ರಾಟ್ಲಿಫ್ ತನ್ನ ಔಷಧಿ ಅಂಗಡಿಗೆ ಬಂದವರಿಗೆಲ್ಲ ಬಿಟ್ಟಿ ಕಾಫಿ ಕುಡಿಸಿದಳು. ನೆವಾ ಬಿಟ್ಟಿ ಕಾಫಿ ಕುಡಿಸುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಕೇನಿ ಫೋರ್ಕ್ ಊರಿನಲ್ಲಿ ಗಣಿ ಮುಚ್ಚಿತು, ಜವಳಿ ಅಂಗಡಿ ಮುಚ್ಚಿತು, ಬ್ಯಾಂಕಿನವರೂ ಬಾಗಿಲೆಳೆದುಕೊಂಡು ಹೋದರು. ಅಪ್ಪ ಬಿಟ್ಟುಹೋದ ಈ ಅಂಗಡಿಯೊಂದನ್ನು ಅವಳು ಹಲ್ಲು ಕಚ್ಚಿಕೊಂಡು ಉಳಿಸಿಕೊಂಡಿದ್ದಳು. ಕೆಂಟಕಿಯ ಆ ಮೂಲೆಯಲ್ಲಿ ಇನ್ನೊಂದು ಔಷಧಿ ಅಂಗಡಿ ಬೇಕೆಂದರೆ ಎರಡು ಬೆಟ್ಟ ದಾಟಬೇಕು.

ಅವಳ ಜಗಳ ಯಾರೊಂದಿಗೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ರೋಗಿಯ ವಿಮೆಗೂ ಊರಿನ ಔಷಧಿ ಅಂಗಡಿಗೂ ನಡುವೆ ಒಂದು ಕಂಪನಿ ಕೂತಿರುತ್ತದೆ. ಯಾರಿಗೆ ಯಾವ ಔಷಧಿ ಸಿಗಬೇಕು, ಯಾವಾಗ ಸಿಗಬೇಕು, ಯಾರ ಅಂಗಡಿಯಿಂದ ಸಿಗಬೇಕು, ಎಲ್ಲ ಅದರದೇ ತೀರ್ಮಾನ. ಅದಕ್ಕೊಂದು ಉದ್ದನೆಯ ಮರ್ಯಾದಸ್ಥ ಹೆಸರಿದೆ; ಊರಿನವರು ಮಾತ್ರ ‘ನಡುವಿನವರು’ ಅನ್ನುತ್ತಾರೆ. ಈ ನಡುವಿನವರಿಗೆ ತಮ್ಮದೇ ಒಂದು ಔಷಧಿ ಅಂಗಡಿಯೂ ಉಂಟು. ಅದು ಎಲ್ಲಿದೆಯೋ ಯಾರೂ ಕಂಡವರಿಲ್ಲ, ಅಂಚೆಯಲ್ಲಿ ಡಬ್ಬಿ ಬರುತ್ತದೆ ಅಷ್ಟೇ. ದುಬಾರಿ ಔಷಧಿ ಬೇಕಾದವರು ಅಲ್ಲಿಂದಲೇ ತರಿಸಿಕೊಳ್ಳಬೇಕೆಂದು ಕಟ್ಟಪ್ಪಣೆ. ಅಲ್ಲ, ತಾನೇ ನಿಯಮ ಮಾಡಿ ತನ್ನ ಅಂಗಡಿಗೇ ಗಿರಾಕಿ ಅಟ್ಟಿಕೊಳ್ಳುವುದಕ್ಕೆ ಏನೆನ್ನಬೇಕು?

ಟ್ವೈಲಾ ಸ್ಲೋನ್ ಎಂಬ ಹೆಂಗಸಿನ ಮಗಳು ರೇಲಿನ್, ಒಂಬತ್ತು ವರ್ಷದವಳು, ಮೂರ್ಛೆರೋಗದ ಹುಡುಗಿ. ಅಪ್ಪ ಡ್ವೇನ್ ಸಾಮಿಲ್ಲಿನಲ್ಲಿ ಮರ ಕೊಯ್ಯುತ್ತಾನೆ. ಮಿಲ್ಲಿನ ಕಡೆಯಿಂದ ಸಿಕ್ಕ ವಿಮೆಯಲ್ಲಿ ಹುಡುಗಿಯ ಔಷಧಿ ಅಂಚೆಯಲ್ಲೇ ಬರುತ್ತಿತ್ತು. ಅವರ ಅಂಚೆ ಡಬ್ಬವಿದ್ದದ್ದು ಮನೆ ಬಾಗಿಲಲ್ಲಲ್ಲ, ಕಣಿವೆಯ ಬಾಯಲ್ಲಿ, ರಸ್ತೆ ಬದಿಗೆ. ಒಮ್ಮೆ ಜುಲೈ ಬಿಸಿಲಿಗೆ ಸೀಸೆ ಬೆಂದುಹೋಯಿತು. ಇನ್ನೊಮ್ಮೆ ಪಕ್ಕದ ಕಣಿವೆಯ ಬೇರೆ ಯಾರೋ ಸ್ಲೋನ್ ಮನೆಗೆ ಹೋಗಿ ಕೂತಿತು. ಆ ಕಡೆ ಕಣ್ಣು ಮುಚ್ಚಿ ಕಲ್ಲು ಬೀಸಿದರೂ ಯಾರೋ ಒಬ್ಬ ಸ್ಲೋನ್‌ಗೇ ತಾಗುತ್ತದೆ. ಆ ಸಲ ಔಷಧಿ ತಪ್ಪಿ, ಜೂನ್ ತಿಂಗಳ ಒಂದು ಬೆಳಿಗ್ಗೆ ರೇಲಿನ್ ಶಾಲೆಯ ಬಸ್ಸಿನ ಮೆಟ್ಟಿಲ ಮೇಲೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು.

ಆ ಮುರಿದ ಹಲ್ಲನ್ನೇ ನೆವಾ ರಾಜಧಾನಿಗೆ ಒಯ್ದಳು. ಶಾಸಕರ ಸಮಿತಿಯ ಎದುರು ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬರೆದುಕೊಂಡು ಹೋದದ್ದನ್ನೆಲ್ಲ ಮರೆತು, ಬಸ್ಸಿನ ಮೆಟ್ಟಿಲ ಕಥೆಯನ್ನಷ್ಟೇ ಹೇಳಿದಳು. ಟೈ ಕಟ್ಟಿದ ದೊಡ್ಡ ಗಂಡಸರು ಕಣ್ಣೊರೆಸಿಕೊಂಡರು. ರೋಗಿಯನ್ನು ಅಂಚೆಯ ಔಷಧಿಗೆ ಬಲವಂತ ಮಾಡುವಂತಿಲ್ಲ, ಅವರವರ ಊರಿನ ಅಂಗಡಿಯಲ್ಲಿ ಕೊಳ್ಳಲು ಬಿಡಬೇಕು ಎಂದು ಕಾನೂನಾಯಿತು. ಸಭಾಭವನದ ಎದುರು ನೆವಾ, ಟ್ವೈಲಾ, ರೇಲಿನ್ ಮೂವರೂ ನಿಂತ ಫೋಟೋ ಅಂಗಡಿಯ ಗೋಡೆಗೆ ಬಂತು.

ಫೋಟೋದ ಪಕ್ಕದಲ್ಲಿ ಒಂದು ಕ್ಯಾಲೆಂಡರು. ಬಸ್ಸಿನ ಮೆಟ್ಟಿಲ ಆ ದಿನದಿಂದೀಚೆಗೆ ರೇಲಿನ್‌ಗೆ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಮೂರ್ಛೆಯಿಲ್ಲದೆ ಒಂದು ವರ್ಷ ತುಂಬಿದರೆ ಚರ್ಚಿನ ಬೇಸಿಗೆ ಶಿಬಿರದಲ್ಲಿ ಉಳಿದ ಮಕ್ಕಳ ಜೊತೆ ಸರೋವರಕ್ಕಿಳಿದು ಈಜಬಹುದೆಂದು ಡಾಕ್ಟರು ಹೇಳಿದ್ದರು. ಪ್ರತಿ ತಿಂಗಳೂ ಹುಡುಗಿ ಬಂದು ಕ್ಯಾಲೆಂಡರಿಗೆ ಒಂದು ಬಂಗಾರದ ಬಣ್ಣದ ನಕ್ಷತ್ರ ಅಂಟಿಸಿ ಹೋಗುವಳು. ಈಜುಡುಗೆಯನ್ನು ಆಗಲೇ ಕೊಂಡಾಗಿತ್ತು. ಅದನ್ನು ಹಾಕಿಕೊಂಡೇ ಮಲಗುತ್ತಾಳೆಂದು ಟ್ವೈಲಾ ನಗುತ್ತಿದ್ದಳು. ಏಪ್ರಿಲ್ ಬಂದಿತ್ತು, ಇನ್ನೇನು ವರ್ಷ ತುಂಬಬೇಕು.

ಬಿಟ್ಟಿ ಕಾಫಿಯ ಆ ದಿನವೇ ನೆವಾ ಟ್ವೈಲಾಳನ್ನು ಕೌಂಟರಿನೊಳಗೆ ಕರೆದಳು. ಅಂಚೆಯಲ್ಲಿ ಔಷಧಿ ಕಳಿಸುವವರ ನಂಬರನ್ನು ತಾನೇ ಒತ್ತಿ ಫೋನನ್ನು ಅವಳ ಕೈಗಿಟ್ಟಳು.

"ಹೇಳು. ಇನ್ಮೇಲೆ ಕಳಿಸ್ಬೇಡಿ, ನಮ್ಮೂರಲ್ಲೇ ತಗೋತೀವಿ ಅಂತ ಹೇಳು."

"ಒಂದ್ ತಿಂಗಳು ನೋಡೋಣ್ವಾ ಮಿಸ್ ನೆವಾ? ಆಮೇಲೆ ಬೇಕಾದ್ರೆ..."

"ಕಾನೂನು ಕಣೇ ಇದು. ನಿನ್ನ ಮಗಳ ಹಲ್ಲು ಮುರ್ದು ಬಂದ ಕಾನೂನು. ಹೇಳು."

ಟ್ವೈಲಾ ಹೇಳಿದಳು. ಫೋನಿಟ್ಟ ಮೇಲೆ ನೆವಾ ಅವಳ ಬೆನ್ನು ತಟ್ಟಿದಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ ಹೋಬರ್ಟ್, ಗಣಿಯ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ಮುದುಕ, ಅಂಗಡಿಯ ಖಾಯಂ ಗಿರಾಕಿ, ಕಾಫಿ ಲೋಟ ಎತ್ತಿ ಹಿಡಿದು ಇನ್ನೊಂದು ಸ್ವಲ್ಪ ಹಾಕೆಂದ. ಕಾನೂನು ದಿನಾ ಬರುತ್ತಿರಲಿ ಅಂತಲೂ ಹೇಳಿದ.

ಹುಡುಗಿಯ ಔಷಧಿ ಎಲ್ಲ ಅಂಗಡಿಗಳಿಗೆ ಸಿಗುವಂಥದ್ದಲ್ಲ. ನೆವಾ ತಯಾರಕರ ಕೈಕಾಲು ಹಿಡಿದು ಒಪ್ಪಿಸಿ ಒಂದೇ ಒಂದು ಸೀಸೆ ತರಿಸಿ, ಒಳಗಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. ಟ್ವೈಲಾಳ ಮನೆಯಲ್ಲಿದ್ದ ಔಷಧಿ ಇನ್ನೊಂದು ವಾರಕ್ಕಾಗುತ್ತದೆ ಎನ್ನುವಾಗ ಕಂಪ್ಯೂಟರಿನಲ್ಲಿ ರೇಲಿನ್ ಹೆಸರು ಹಾಕಿ ನಡುವಿನವರ ಒಪ್ಪಿಗೆ ಕೇಳಿದಳು. ತಿರಸ್ಕರಿಸಲಾಗಿದೆ ಎಂದು ಬಂತು. ಮತ್ತೆ ಹಾಕಿದಳು. ಮತ್ತೆ ಅದೇ.

ಕಾನೂನನ್ನೇ ಗಾಳಿಗೆ ತೂರುತ್ತಿದ್ದಾರೆಂದು ನೆವಾಳ ಪಿತ್ತ ನೆತ್ತಿಗೇರಿತು. ನಡುವಿನವರಿಗೆ ಫೋನು ಮಾಡಿ, ಸಿಕ್ಕ ಹುಡುಗನಿಗೆ ಚೆನ್ನಾಗಿ ಬೈದಳು. ಅವನು ಬೈಸಿಕೊಂಡು, ಮೆತ್ತಗೆ, ಈ ವಿಮೆಗೆ ನಿಮ್ಮ ರಾಜ್ಯದ ಕಾನೂನು ಅನ್ವಯಿಸುವುದಿಲ್ಲ ಮೇಡಂ ಎಂದ. ಸುಳ್ಳು ಬೊಗಳಬೇಡ ಎಂದು ಫೋನಿಟ್ಟು, ನೆವಾ ರಾಜ್ಯದ ವಿಮಾ ಇಲಾಖೆಗೆ ಫೋನು ಮಾಡಿದಳು. ಅಲ್ಲಿ ಸಿಕ್ಕ ಹೆಂಗಸು ಒಳ್ಳೆಯವಳು. ನೆವಾಳ ಹೆಸರು ಕೇಳುತ್ತಲೇ ಗುರುತು ಹಿಡಿದಳು. ಸಮಿತಿಯ ಎದುರು ನೀವು ಮಾತಾಡಿದ ದಿನ ನಾನೂ ಹಿಂದೆ ಕೂತಿದ್ದೆ ಎಂದಳು. ಸಾಮಿಲ್ಲಿನ ಹೆಸರು ಬರೆದುಕೊಂಡು ಸ್ವಲ್ಪ ಹೊತ್ತು ಹುಡುಕಿದಳು. ಆಮೇಲೆ ಅವಳ ದನಿ ಇಳಿಯಿತು.

ಆ ಮಿಲ್ಲಿನವರು ವಿಮೆಯನ್ನು ಯಾರಿಂದಲೂ ಕೊಂಡಿಲ್ಲವಂತೆ. ಕೆಲಸಗಾರರ ಆಸ್ಪತ್ರೆ ಖರ್ಚನ್ನು ಮಿಲ್ಲೇ ತನ್ನ ಗಂಟಿನಿಂದ ಕೊಡುತ್ತದೆ, ನಡುವಿನವರು ಅದನ್ನು ನೋಡಿಕೊಳ್ಳುತ್ತಾರೆ. ಅಂಥ ಏರ್ಪಾಡಿಗೆ ಅನ್ವಯಿಸುವುದು ಇಡೀ ದೇಶದ ಕಾನೂನು, ರಾಜ್ಯದ್ದಲ್ಲ; ಅದರಲ್ಲಿ ಅಂಚೆಯ ಬಲವಂತಕ್ಕೆ ತಡೆಯಿಲ್ಲ. ದೊಡ್ಡ ಮಿಲ್ಲು, ದೊಡ್ಡ ಅಂಗಡಿಗಳ ಸರಪಳಿ ಎಲ್ಲ ಹಾಗೆಯೇ.

"ನಿಮ್ಮ ದೂರು ನ್ಯಾಯವಾದದ್ದೇ, ಮಿಸ್ ರಾಟ್ಲಿಫ್," ಎಂದಳು ಅವಳು. "ಆದ್ರೆ ನಮ್ಮ ಕೈ ಅಲ್ಲೀವರೆಗೆ ಮುಟ್ಟೋದಿಲ್ಲ."

"ಹಾಗಾದ್ರೆ ನಮ್ಮೂರಲ್ಲಿ ಈ ಕಾನೂನು ಯಾರಿಗೆ?"

ವಿಮಾ ಕಂಪನಿಯಿಂದ ವಿಮೆ ಕೊಂಡವರಿಗೆ, ಸಣ್ಣಪುಟ್ಟ ವ್ಯಾಪಾರದವರಿಗೆ ಎಂದಳು ಆ ಹೆಂಗಸು. ಎಂದರೆ ನೆವಾಳಿಗೆ. ನೆವಾ ತನ್ನ ವಿಮೆಯನ್ನು ತಾನೇ ಕೊಂಡಿದ್ದಳು. ಅವಳಿಗೆ ಮೂರ್ಛೆರೋಗ ಬಂದರೆ ಅವಳ ಔಷಧಿಯನ್ನು ಅವಳ ಅಂಗಡಿಯಲ್ಲೇ ಕೊಳ್ಳಬಹುದು. ಯಾರ ಹಲ್ಲು ತೋರಿಸಿ ಕಾನೂನು ತಂದಳೋ ಆ ಹುಡುಗಿಗೆ ಮಾತ್ರ ಅದು ಇಲ್ಲ. ನೆವಾ ಫೋನಿಟ್ಟು ಗೋಡೆಯ ಫೋಟೋ ನೋಡಿದಳು, ನೋಡಲಾಗದೆ ಕಣ್ಣು ಕೆಳಗಿಳಿಸಿದಳು.

ನೆವಾ ಟ್ವೈಲಾಳಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಟ್ವೈಲಾಳಾದರೂ ಒಂದು ನಿಷ್ಠುರದ ಮಾತು ಅನ್ನಬಾರದೇ? ಅನ್ನಲಿಲ್ಲ. ಅಂಚೆಯನ್ನೇ ಮತ್ತೆ ಶುರು ಮಾಡಿಸೋಣ ಬಿಡಿ ಎಂದಳು. ನಿಲ್ಲಿಸುವುದಕ್ಕೆ ಒಂದು ಫೋನು ಸಾಕಾಗಿತ್ತು. ಶುರು ಮಾಡುವುದಕ್ಕೆ ಡಾಕ್ಟರಿಂದ ಹೊಸ ಕಾಗದ ಬೇಕಂತೆ, ಆ ಕಾಗದಕ್ಕೆ ನಡುವಿನವರ ಹೊಸ ಒಪ್ಪಿಗೆ ಬೇಕಂತೆ, ಆಮೇಲೆ ಅಂಚೆ. ಕಾಗದ ಕಳಿಸಿದ್ದೇವೆ ಎಂದರು ಡಾಕ್ಟರ ಕಡೆಯವರು. ಬಂದಿಲ್ಲ ಎಂದರು ನಡುವಿನವರು. ನೆವಾ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಫೋನು ಮಾಡುತ್ತ ಊಟ ತಿಂಡಿ ಮರೆತಳು.

ಇಷ್ಟಕ್ಕೂ ಸೀಸೆ ಕಪಾಟಿನಲ್ಲೇ ಇತ್ತಲ್ಲ, ಎತ್ತಿ ಕೊಡಬಾರದಿತ್ತೇ ಎಂದು ಯಾರಾದರೂ ಕೇಳಿಯಾರು. ಮೊದಲಾಗಿದ್ದರೆ ಕೊಟ್ಟೇಬಿಡುತ್ತಿದ್ದಳು. ಆ ಬೆಟ್ಟದ ಊರುಗಳ ಔಷಧಿ ಅಂಗಡಿಗಳಲ್ಲಿ ಕೈಗಡದ ರೂಢಿಯಿತ್ತು. ನಡುವಿನವರ ಒಪ್ಪಿಗೆ ತಡವಾದರೆ ಅಂಗಡಿಯವರು ತಮ್ಮ ಡಬ್ಬಿಯಿಂದ ನಾಲ್ಕು ಮಾತ್ರೆ ಕೈಗಡ ಕೊಡುವುದು, ಒಪ್ಪಿಗೆ ಬಂದ ಮೇಲೆ ಅಷ್ಟನ್ನು ಮುರಿದುಕೊಳ್ಳುವುದು. ನೆವಾಳ ಅಪ್ಪ ಹಾಗೆ ಅರ್ಧ ಊರನ್ನು ಬದುಕಿಸಿದ್ದ. ಹಿಂದಿನ ವರ್ಷ ನಡುವಿನವರ ಕಡೆಯ ತಪಾಸಣೆಯವನು ಬಂದು ಕೂತ. ಹೋಬರ್ಟನ ಉಸಿರಾಟದ ಔಷಧಿಯನ್ನು ಶನಿವಾರ ಕೊಟ್ಟಿದ್ದೀರಿ, ಒಪ್ಪಿಗೆ ಬಂದದ್ದು ಸೋಮವಾರ ಎಂದು ಹಿಡಿದ. ಇಂಥದ್ದು ಇನ್ನೊಂದು ಸಿಕ್ಕರೆ ಈ ಅಂಗಡಿಯನ್ನು ನಮ್ಮ ಪಟ್ಟಿಯಿಂದಲೇ ಕಿತ್ತುಹಾಕುತ್ತೇವೆ ಎಂದು ಹೇಳಿ ಹೋದ. ಕಿತ್ತುಹಾಕಿದರೆ ಊರಿನ ಮುಕ್ಕಾಲು ಜನ ಅಲ್ಲಿ ಔಷಧಿ ಕೊಳ್ಳುವಂತಿಲ್ಲ, ಅಂಗಡಿಗೆ ಬೀಗವೇ ಗತಿ. ಎರಡು ದಿನ ನಾನು ಉಸಿರಾಡದೆ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ನೋಡು ಎಂದು ಹೋಬರ್ಟ್ ನಕ್ಕಿದ್ದ. ನೆವಾ ನಗಲಿಲ್ಲ. ಒಪ್ಪಿಗೆಗೆ ಮೊದಲು ಔಷಧಿ ಕೊಡಲಾಗುವುದಿಲ್ಲ, ದಯವಿಟ್ಟು ಕೇಳಬೇಡಿ ಎಂದು ಬೋರ್ಡು ಬರೆಸಿ ಕೌಂಟರಿನ ಮೇಲಿಟ್ಟಳು.

ಜೊತೆಗೆ ಆ ಸೀಸೆಯ ಸೀಲ್ ಒಡೆದರೆ ಕಳಿಸಿದವರು ವಾಪಸು ತೆಗೆದುಕೊಳ್ಳುವುದಿಲ್ಲ. ಅದರ ಬೆಲೆಗೆ ಊರಿನ ಸಕ್ಕರೆ ಕಾಯಿಲೆಯವರೆಲ್ಲರ ಇನ್ಸುಲಿನ್ ಬರುತ್ತದೆ. ಹೀಗೆ ನೆವಾಳ ಕೈ ಕಟ್ಟಿಹೋಗಿತ್ತು.

ಆದರೂ ಅವಳು ಕಲ್ಲಲ್ಲ. ಮನೆಯಲ್ಲಿ ಎಷ್ಟು ಔಷಧಿ ಉಳಿದಿದೆಯೆಂದು ಟ್ವೈಲಾಳನ್ನು ಕೇಳಿ, ಶುಕ್ರವಾರದವರೆಗೆ ಬರುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದಳು. ಗುರುವಾರ ಸಂಜೆಯವರೆಗೆ ಒದ್ದಾಡುವುದು. ಆಗಲೂ ಒಪ್ಪಿಗೆ ಬರದಿದ್ದರೆ ಸೀಲ್ ಒಡೆದು ಸೀಸೆ ಕೊಡುವುದು, ಅಂಗಡಿ ಹೋದರೆ ಹೋಗಲಿ. ಹಾಗೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಟ್ವೈಲಾಳಿಗೆ ಮಾತ್ರ ಹೇಳಲಿಲ್ಲ. ಒಮ್ಮೆ ಮಾತು ಕೊಟ್ಟು ಆ ಮನೆಯನ್ನು ಈ ಗತಿಗೆ ತಂದವಳು ಮತ್ತೆ ಯಾವ ಮುಖ ಇಟ್ಟುಕೊಂಡು ಮಾತು ಕೊಡುವುದು? ಕೊಡುವ ದಿನ ಕೊಟ್ಟರಾಯಿತು ಎಂದುಕೊಂಡಳು.

ಮಂಗಳವಾರ ಮಧ್ಯಾಹ್ನ ನೆವಾ ನಡುವಿನವರಿಗೆ ಫೋನು ಹಚ್ಚಿ ಕಾಯುತ್ತಿದ್ದಳು. ಹಿಡಿದು ಹಿಡಿದು ಕಿವಿ ನೋವಾಗಿ ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟಿದ್ದಳು. ಅದೇ ಪಿಯಾನೋ ಮತ್ತೆ ಮತ್ತೆ ಸುತ್ತುತ್ತಿತ್ತು. ನಡುನಡುವೆ ಒಬ್ಬ ಹೆಂಗಸಿನ ಧ್ವನಿ, ನಿಮ್ಮ ಆರೋಗ್ಯವೇ ನಮ್ಮ ಕಾಳಜಿ, ದಯವಿಟ್ಟು ಕಾಯಿರಿ ಎನ್ನುತ್ತಿತ್ತು. ಇವಳನ್ನು ಮದುವೆಯಾದವನ ಪಾಡು ಏನೋ ಪಾಪ ಎಂದ ಹೋಬರ್ಟ್.

ಅಷ್ಟರಲ್ಲಿ ಟ್ವೈಲಾ ಬಂದಳು, ತನ್ನ ತಾಯಿಯ ರಕ್ತದೊತ್ತಡದ ಮಾತ್ರೆಗೆ. ಶಾಲೆ ಮುಗಿಸಿದ ರೇಲಿನ್ ಜೊತೆಗಿದ್ದಳು. ನೆವಾ ಮಾತ್ರೆ ಎಣಿಸುತ್ತ ಕಣ್ಣೆತ್ತಿ ನೋಡಿದಳು. ಹುಡುಗಿ ಬಂದವಳೇ ಪೆಪ್ಪರಮಿಂಟಿನ ಗಾಜಿನ ಭರಣಿಗೆ ಕೈ ಹಾಕುವುದು ವಾಡಿಕೆ. ಇವತ್ತು ಹಾಕಲಿಲ್ಲ. ಕ್ಯಾಲೆಂಡರಿನ ಎದುರು ಸುಮ್ಮನೆ ನಿಂತಿದ್ದಳು. ನೆವಾಳಿಗೆ ಏನೋ ಅನ್ನಿಸಿತು. ಏನೆಂದು ಕೇಳಬೇಕೆನ್ನುವಾಗ ಪಿಯಾನೋ ನಿಂತ ಹಾಗಾಯಿತು, ಯಾರೋ ಬಂದರೆಂದು ಫೋನಿನ ಕಡೆ ಬಗ್ಗಿದಳು. ಯಾರೂ ಬಂದಿರಲಿಲ್ಲ. ಹಿಂದೆ ಧಡ್ ಎಂದು ಸದ್ದಾಯಿತು.

ರೇಲಿನ್ ನೆಲಕ್ಕೆ ಬಿದ್ದಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದು ಸೆಟೆದು ಅದುರುತ್ತಿತ್ತು. ಟ್ವೈಲಾ ಕೂಗಲಿಲ್ಲ, ಮಗಳ ಪಕ್ಕ ಕುಸಿದು ಕೂತು ಅವಳ ಹೆಸರನ್ನು ಮೆಲ್ಲಗೆ ಹೇಳುತ್ತಲೇ ಇದ್ದಳು. ನೆವಾ ಕೌಂಟರು ದಾಟಿ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಹುಡುಗಿಯನ್ನು ಪಕ್ಕಕ್ಕೆ ಹೊರಳಿಸಿದಳು, ಕೊರಳಿನ ಗುಂಡಿ ಬಿಚ್ಚಿದಳು. ಹೋಬರ್ಟ್ ಏದುಸಿರು ಬಿಡುತ್ತ ತನ್ನ ಜಾಕೆಟ್ಟು ಕಳಚಿ ಮಡಚಿ ತಲೆಯಡಿಗಿಟ್ಟ. ಇನ್ನು ಮಾಡುವುದೇನೂ ಇರಲಿಲ್ಲ. ಬಾಯಿಗೆ ಏನೂ ಹಾಕುವಂತಿಲ್ಲ, ಹಿಡಿದು ನಿಲ್ಲಿಸುವಂತಿಲ್ಲ. ಕಾಯಬೇಕು. ಕಪಾಟಿನಲ್ಲಿದ್ದ ಸೀಸೆಯಿಂದ ಈಗ ಉಪಯೋಗವಿಲ್ಲ, ಅದು ಮೂರ್ಛೆ ಬರದಂತೆ ತಡೆಯುವ ಔಷಧಿ, ಬಂದದ್ದನ್ನು ನಿಲ್ಲಿಸುವಂಥದ್ದಲ್ಲ. ತಲೆಯ ಮೇಲೆ ಆ ಪಿಯಾನೋ ನಡೆದೇ ಇತ್ತು, ನಿಮ್ಮ ಆರೋಗ್ಯವೇ ನಮ್ಮ ಕಾಳಜಿ ಎನ್ನುತ್ತಲೇ ಇತ್ತು. ಹೋಗಿ ಅದರ ಕುತ್ತಿಗೆ ಹಿಸುಕೋಣವೆಂದರೆ ಹುಡುಗಿಯ ತಲೆ ಬಿಟ್ಟು ಏಳುವಂತಿರಲಿಲ್ಲ.

ಅದುರುವುದು ನಿಂತಿತು. ರೇಲಿನ್ ಉದ್ದಕ್ಕೆ ಉಸಿರೆಳೆದುಕೊಂಡು ಸಡಿಲವಾದಳು. ಹಣೆ ಒಡೆದು ಒಂದಿಷ್ಟು ರಕ್ತ ಬಂದಿತ್ತು, ಬಟ್ಟೆ ಒದ್ದೆಯಾಗಿತ್ತು. ಟ್ವೈಲಾ ತನ್ನ ಸ್ವೆಟರು ಬಿಚ್ಚಿ ಮಗಳ ಸೊಂಟಕ್ಕೆ ಸುತ್ತಿದಳು.

"ಶುಕ್ರವಾರದವರೆಗೆ ಇತ್ತಲ್ಲೇ ಔಷಧಿ," ಎಂದಳು ನೆವಾ. "ನಾನೇ ಲೆಕ್ಕ ಹಾಕಿದ್ದೆ."

ಟ್ವೈಲಾ ತಲೆ ಎತ್ತಲಿಲ್ಲ. "ಭಾನುವಾರದಿಂದ ಅರ್ಧರ್ಧ ಹಾಕ್ತಿದ್ದೆ. ಅಂಚೆ ಬರೋವರೆಗೂ ಎಳ್ಕೊಂಡು ಹೋಗ್ಲಿ ಅಂತ."

"ನನ್ನೊಂದ್ ಮಾತು ಕೇಳಬಾರ್ದಿತ್ತಾ?"

"ಬೋರ್ಡು ಹಾಕಿದೀರಲ್ಲ."

"ಬೋರ್ಡಿಗೆ ಬೆಂಕಿ ಬೀಳ್ಲಿ. ನೀನು ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

"ಅಂತಿರ್ಲಿಲ್ಲ," ಎಂದಳು ಟ್ವೈಲಾ. "ಅದಕ್ಕೇ ಕೇಳ್ಲಿಲ್ಲ ಮಿಸ್ ನೆವಾ. ನೀವು ಕೊಟ್ಟುಬಿಡೋರು, ಅಂಗಡಿ ಹೋಗೋದು. ಇವಳಿಗೋಸ್ಕರ ರಾಜಧಾನೀವರೆಗೂ ಹೋಗಿ ಅಷ್ಟೆಲ್ಲ ಮಾಡಿದೋರಿಗೆ, ಇದನ್ನೂ ಮಾಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

ಗುರುವಾರ ಕೊಡುವವಳಿದ್ದೆ ಎಂದು ಹೇಳಲು ನೆವಾ ಬಾಯಿ ತೆರೆದಳು. ಅದನ್ನು ಈಗ ಹೇಳಿ ಯಾರಿಗೆ ಏನು ಬಂತು? ಕಳೆದ ವಾರ ಆ ಒಂದು ಮಾತು ಬಾಯಿಂದ ಉದುರಿದ್ದರೆ ಈ ಹೆಂಗಸು ಮನೆಯಲ್ಲಿ ಕದ್ದುಮುಚ್ಚಿ ಅರ್ಧರ್ಧ ಅಳೆಯುತ್ತಿರಲಿಲ್ಲ. ಮಾತಿಗೇನು ಒಪ್ಪಿಗೆ ಬೇಕಾಗಿತ್ತೇ, ಬೆಲೆ ಇತ್ತೇ? ಅಷ್ಟು ಜನ ಶಾಸಕರೆದುರು ಬಾಯಿ ಬಿಟ್ಟವಳಿಗೆ ಒಬ್ಬ ತಾಯಿಯೆದುರು ಬಾಯಿ ಬರಲಿಲ್ಲ.

ನೆವಾ ಎದ್ದು ಒಳಗೆ ಹೋದಳು. ಕಪಾಟಿನ ಬೀಗ ತೆಗೆದಳು. ಸೀಸೆ ತಂದು ಕೌಂಟರಿನ ಮೇಲಿಟ್ಟು, ಮುಚ್ಚಳ ತಿರುವಿ ಸೀಲ್ ಒಡೆದಳು. ಪಟಕ್ಕೆಂದಿತು, ಅಷ್ಟೇ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಕಾದೆನಲ್ಲ ಎಂದು ಅವಳಿಗೆ ಅಳು ಬಂತು.

ಆಗಲೇ ಪಿಯಾನೋ ನಿಂತು ಫೋನಿನಲ್ಲಿ ಒಂದು ಎಳೆಯ ದನಿ ಬಂತು. ಕಾದದ್ದಕ್ಕೆ ಧನ್ಯವಾದ, ಏನು ಸಹಾಯ ಬೇಕು ಎಂದಿತು.

"ಒಪ್ಪಿಗೆ ಬರೋಕ್ ಮುಂಚೆ ಔಷಧಿ ಕೊಟ್ಟಿದೀನಿ," ಎಂದಳು ನೆವಾ. "ಇವತ್ತಿನ ತಾರೀಕು ಹಾಕ್ಕೊಳ್ಳಿ. ಅಂಗಡಿ ಹೆಸರು ರಾಟ್ಲಿಫ್. ಕಿತ್ತುಹಾಕೋದಿದ್ರೆ ಹಾಕಿ."

ಆ ಕಡೆಯಿಂದ, ಮೇಡಂ, ಅದು ಬೇರೆ ವಿಭಾಗ, ಅವರಿಗೆ ಕೊಡುತ್ತೇನೆ, ಲೈನಿನಲ್ಲಿರಿ ಎಂದರು. ಮತ್ತೆ ಪಿಯಾನೋ ಶುರುವಾಯಿತು. ಹೋಬರ್ಟ್ ಎದ್ದು ಹೋಗಿ ಫೋನು ಆರಿಸಿದ.

ರೇಲಿನ್‌ಗೆ ಪೂರ್ತಿ ಎಚ್ಚರವಾಗುವುದನ್ನು ಕಾದು, ನೀರು ನುಂಗುತ್ತಾಳೆಂದು ನೋಡಿಕೊಂಡು, ನೆವಾ ಔಷಧಿಯನ್ನು ಪೂರ್ತಿ ಅಳೆದು ಸ್ವಲ್ಪಸ್ವಲ್ಪವಾಗಿ ಬಾಯಿಗೆ ಬಿಟ್ಟಳು. ಹುಡುಗಿ ಅಮ್ಮನ ತೊಡೆಗೆ ಒರಗಿ, ಎಲ್ಲಿದ್ದೇನೆಂದು ಗೊತ್ತಾಗದೆ ಅಂಗಡಿಯನ್ನು ಸುತ್ತ ನೋಡಿದಳು. ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಯಿತು, ಆಮೇಲೆ ತನ್ನ ಸೊಂಟಕ್ಕೆ ಸುತ್ತಿದ ಸ್ವೆಟರಿಗೆ. ಏನಾಯಿತೆಂದು ಆಗ ಗೊತ್ತಾಯಿತು.

"ಮಿಸ್ ನೆವಾ, ಅದು ಬಂತಾ?"

"ಬಂತು ಮಗಾ."

"ಮತ್ತೆ ಮೊದಲಿಂದ ಶುರು ಮಾಡ್ಬೇಕಾ?"

ನೆವಾ ಅವಳ ಹಣೆಯ ರಕ್ತವನ್ನು ಒರೆಸುತ್ತಿದ್ದಳು. ಸುಳ್ಳು ಹೇಳೋಣವೆಂದುಕೊಂಡಳು, ಬರಲಿಲ್ಲ.

"ಹೂಂ ಮಗಾ. ಮೊದಲಿಂದ."

ರೇಲಿನ್ ಅಳಲಿಲ್ಲ. ಹಾಗಾದರೆ ಆ ನಕ್ಷತ್ರಗಳನ್ನು ನೀವೇ ಕಿತ್ತುಬಿಡಿ, ನನ್ನ ಕೈಲಿ ಆಗುವುದಿಲ್ಲ ಎಂದು ಹೇಳಿ ಅಮ್ಮನ ಮಡಿಲಿಗೆ ಮುಖ ತಿರುಗಿಸಿಕೊಂಡಳು.